ಅಳೆಯದೆ ಹೆದರಬೇಡಿ, ಅಳೆಯದೆ ನಂಬಲೂಬೇಡಿ

ಮಕ್ಕಳೇ, ನಿಮ್ಮ ಮೈ ಬಿಸಿಯಾದರೆ ಅಮ್ಮ ಮೊದಲು ಹಣೆ ಮುಟ್ಟಿ ನೋಡುತ್ತಾರೆ. ಆಸ್ಪತ್ರೆಯಲ್ಲಾದರೆ ಥರ್ಮಾಮೀಟರ್ ಇಡುತ್ತಾರೆ. ಆದರೆ ನೀವು ಆಗತಾನೆ ಬಿಸಿ ಹಾಲು ಕುಡಿದು ಹೋಗಿದ್ದರೆ? ಬಾಯಲ್ಲಿಟ್ಟ ಥರ್ಮಾಮೀಟರ್ ಇಲ್ಲದ ಜ್ವರವನ್ನೂ ತೋರಿಸೀತು! ಅಳೆದರೆ ಸಾಲದು, ಸರಿಯಾಗಿ ಅಳೆಯಬೇಕು. ವಾಹನದ ಹೊಗೆಗೂ ಇದೇ ಮಾತು ಅನ್ವಯಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಏಕೆಂದು ನೋಡೋಣ.

ಅಮೆರಿಕದಲ್ಲಿ 1975ರ ಮಾದರಿಯ ಹೆಚ್ಚಿನ ಹೊಸ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ಜೋಡಿಸಲಾಯಿತು. ಎಂಜಿನ್ನಿನಿಂದ ಹೊರಟ ಹೊಗೆ ಈ ಪೆಟ್ಟಿಗೆಯ ಮೂಲಕ ಹಾದುಹೋಗುತ್ತದೆ. ಅದರೊಳಗಿನ ಪ್ಲಾಟಿನಂನಂತಹ ಲೋಹ, ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಆಕ್ಸಿಜನ್ ಜೊತೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗುವಂತೆ ಮಾಡುತ್ತದೆ. ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ಇಂತಹ ವಸ್ತುವೇ ಕ್ರಿಯಾವರ್ಧಕ.

ಒಳ್ಳೆಯದೇ ಆಯಿತಲ್ಲ ಎನ್ನುವಿರಾ? ತಾಳಿ. ಪೆಟ್ರೋಲಿನಲ್ಲಿ ಸ್ವಲ್ಪ ಗಂಧಕವೂ ಇರುತ್ತದೆ. ಅದು ಉರಿದಾಗ ಸಲ್ಫರ್ ಡೈಆಕ್ಸೈಡ್ ಆಗುತ್ತದೆ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಬಡಿಯುವ ಘಾಟು ಇದರದೇ. ಕನ್ವರ್ಟರ್ ಇದಕ್ಕೆ ಇನ್ನಷ್ಟು ಆಕ್ಸಿಜನ್ ಸೇರಿಸಿ ಸಲ್ಫರ್ ಟ್ರೈಆಕ್ಸೈಡ್ ಮಾಡುತ್ತದೆ. ಅದು ನೀರಾವಿಯೊಡನೆ ಕೂಡಿದರೆ ಸಲ್ಫ್ಯೂರಿಕ್ ಆಮ್ಲದ ಸೂಕ್ಷ್ಮ ಹನಿಗಳು! ಇದೇ ‘ಸಲ್ಫೇಟ್’ ಹೊಗೆ. ಒಂದು ವಿಷ ಕಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡೆವೇ ಎಂಬ ಭಯ ಹುಟ್ಟಿತು.

ವಿಜ್ಞಾನಿಗಳು ಅಳೆಯತೊಡಗಿದರು. ಪ್ರಯೋಗಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿದರು. ಹೊಗೆಗೆ ಶುದ್ಧ ಗಾಳಿ ಬೆರೆಸಿ, ಶೋಧಕದ ಮೂಲಕ ಹಾಯಿಸಿ, ಅದರ ಮೇಲೆ ಕುಳಿತ ಸಲ್ಫೇಟನ್ನು ಅಳೆದರು. ಇಲ್ಲೊಂದು ತೊಡಕು ಬಂತು. ಕಾರು ನಿಧಾನವಾಗಿ ಓಡುವಾಗ ಸಲ್ಫೇಟ್ ಕನ್ವರ್ಟರಿನೊಳಗೇ ಸಂಗ್ರಹವಾಗುತ್ತಿತ್ತು. ವೇಗವಾಗಿ ಓಡಿ ಬಿಸಿಯೇರಿದಾಗ ಆ ಹಳೆಯ ಸಂಗ್ರಹವೂ ಹೊರಬರುತ್ತಿತ್ತು. ಹೀಗಾಗಿ ಪರೀಕ್ಷೆಗೆ ಮುನ್ನ ಕಾರು ಹೇಗೆ ಓಡಿತ್ತು ಎಂಬುದರ ಮೇಲೆ ಫಲಿತಾಂಶ ಬದಲಾಗುತ್ತಿತ್ತು. ನಿಮ್ಮ ಬಿಸಿ ಹಾಲಿನ ಕಥೆಯಂತೆಯೇ!

ಇನ್ನೊಂದು ಪ್ರಶ್ನೆ ಉಳಿಯಿತು. ಕೊಳವೆಯಿಂದ ಬಂದದ್ದರಲ್ಲಿ ಎಷ್ಟು ಪಾಲು ರಸ್ತೆಬದಿಯ ಜನರ ಮೂಗಿಗೆ ತಲುಪುತ್ತದೆ? 1975ರ ಅಕ್ಟೋಬರಿನಲ್ಲಿ ಮಿಷಿಗನ್ ರಾಜ್ಯದ ಮಿಲ್ಫರ್ಡ್‌ನಲ್ಲಿ, ಜನರಲ್ ಮೋಟರ್ಸ್ ಕಂಪನಿಯ ಪರೀಕ್ಷಾ ರಸ್ತೆಯಲ್ಲಿ, 352 ಕಾರುಗಳನ್ನು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಒಟ್ಟಿಗೆ ಓಡಿಸಿದರು. ರಸ್ತೆಯ ಎರಡೂ ಬದಿಗಳಲ್ಲಿ ಬೇರೆ ಬೇರೆ ಎತ್ತರದಲ್ಲಿ ಗಾಳಿಯ ಮಾದರಿ ಹಿಡಿದರು. ಸರ್ಕಾರದ ವಿಜ್ಞಾನಿಗಳೂ ಅಲ್ಲಿದ್ದು ಅಳೆದರು. ಗಾಳಿಯಲ್ಲಿ ಸಿಕ್ಕ ಸಲ್ಫೇಟ್ ಮೊದಲಿನ ಲೆಕ್ಕಾಚಾರ ಹೇಳಿದ್ದಕ್ಕಿಂತ ಕಡಿಮೆಯಿತ್ತು. ಕಾರಣ? ಓಡುವ ಕಾರುಗಳೇ ಗಾಳಿಯನ್ನು ಕಲಕಿ ಹೊಗೆಯನ್ನು ಚದುರಿಸುತ್ತಿದ್ದವು. ಕಾಗದದ ಮೇಲಿನ ಲೆಕ್ಕ ಇದನ್ನು ಸರಿಯಾಗಿ ಗಣಿಸಿರಲಿಲ್ಲ.

ಇಷ್ಟೊಂದು ಕಾರು, ಇಷ್ಟೊಂದು ಪೆಟ್ರೋಲು ದಂಡವಲ್ಲವೇ ಎಂದು ಕೆಲವರು ಕೇಳಬಹುದು. ನಾನು ಒಪ್ಪುವುದಿಲ್ಲ. ಬರೀ ಹೆದರಿ ಕನ್ವರ್ಟರ್ ಕಿತ್ತುಹಾಕಿದ್ದರೆ ಕಾರ್ಬನ್ ಮಾನಾಕ್ಸೈಡ್ ಹಾಗೇ ಉಳಿಯುತ್ತಿತ್ತು. ಬರೀ ನಂಬಿ ಸುಮ್ಮನಿದ್ದು, ಭಯವೇ ನಿಜವಾಗಿದ್ದರೆ, ರಸ್ತೆಬದಿಯ ಮಕ್ಕಳು ಆಮ್ಲ ಉಸಿರಾಡಬೇಕಿತ್ತು. ಅಳತೆಯೇ ಎರಡೂ ತಪ್ಪಿನಿಂದ ಕಾಪಾಡಿತು.

ಹಾಗೆಂದು ಗಂಧಕವನ್ನು ಬಿಟ್ಟುಬಿಡಬಹುದೇ? ಕೂಡದು. ಬೇರಿನಲ್ಲೇ ತೆಗೆಯುವುದು ಜಾಣತನ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮದಂತೆ ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ 10 ಮಿಲಿಗ್ರಾಂಗಿಂತ ಹೆಚ್ಚು ಗಂಧಕ ಇರಬಾರದು. ಅದಕ್ಕೆ ಮುಂಚಿನ ಮಿತಿ 50 ಮಿಲಿಗ್ರಾಂ.

ನಿಮ್ಮೂರಿನ ಹೊಗೆ ತಪಾಸಣೆ ಕೇಂದ್ರವನ್ನು ಒಮ್ಮೆ ಗಮನಿಸಿ. ಅಲ್ಲಿ ಪೆಟ್ರೋಲ್ ವಾಹನವನ್ನು ನಿಲ್ಲಿಸಿಯೇ ಪರೀಕ್ಷಿಸುತ್ತಾರೆ. ಅದು ಬೇಕು, ಆದರೆ ಅಷ್ಟೇ ಸಾಲದು. ನಾವು ಉಸಿರಾಡುವುದು ಓಡುವ ವಾಹನಗಳ ಹೊಗೆಯನ್ನಲ್ಲವೇ? ಶಾಲೆಯ ಮುಂದಿನ ರಸ್ತೆಯಲ್ಲಿ, ನಿಮ್ಮ ಮೂಗಿನ ಎತ್ತರದಲ್ಲಿಯೂ ಗಾಳಿಯನ್ನು ಅಳೆಯಬೇಕು. ಇನ್ನು ಮುಂದೆ ಯಾರಾದರೂ ‘ಇದು ಅಪಾಯ’ ಅಥವಾ ‘ಇದು ಸುರಕ್ಷಿತ’ ಎಂದರೆ ನೀವು ವಿನಯದಿಂದಲೇ ಕೇಳಿ: ಯಾರು ಅಳೆದರು? ಎಲ್ಲಿ ಅಳೆದರು? ಹೇಗೆ ಅಳೆದರು?