ಹಳಿಯೂ ಅಕ್ಷರವೂ

ಹಾವೇರಿ ಜಿಲ್ಲೆಯ ಸವಣೂರು ತಾಲ್ಲೂಕಿನಲ್ಲಿರುವ ಯಲವಿಗಿಯು ಹುಬ್ಬಳ್ಳಿ-ಬೆಂಗಳೂರು ರೈಲುಮಾರ್ಗದ ಒಂದು ಸಣ್ಣ ನಿಲ್ದಾಣ. ಅಲ್ಲಿ ಹಾದುಹೋಗುವ ಗಾಡಿಯ ಎಂಜಿನ್ ವಾರಾಣಸಿಯದಿರಬಹುದು, ಡಬ್ಬಿ ಪೆರಂಬೂರಿನದಿರಬಹುದು, ಗಾಲಿ ಯಲಹಂಕದ್ದಿರಬಹುದು. ತಯಾರಿಸಿದವರು ಬೇರೆ ಬೇರೆಯಾದರೂ ಅವೆಲ್ಲವೂ ಒಂದೇ ಹಳಿಯ ಮೇಲೆ ಓಡುತ್ತವೆ. ಹಳಿಗಳ ನಡುವಣ ಅಂತರವು 1,676 ಮಿಲಿಮೀಟರ್ ಎಂದು ಎಲ್ಲರೂ ಒಪ್ಪಿ ನಡೆಯುತ್ತಿರುವುದೇ ಇದಕ್ಕೆ ಕಾರಣ.

ಮೊದಲು ಹೀಗಿರಲಿಲ್ಲ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಇಲ್ಲಿ ಹಾಕಿದ ಹಳಿಗಳ ಅಂತರ ಒಂದೇ ಮೀಟರ್. ಬೆಂಗಳೂರಿನಿಂದ ಮದರಾಸಿಗೆ ಹೋಗುವ ಹಳಿಯಾದರೋ ಅಗಲವಾದದ್ದು. ಈ ಸೀಮೆಯ ಮೆಣಸಿನಕಾಯಿ ಮೂಟೆಯು ರೈಲಿನಲ್ಲಿ ಬೆಂಗಳೂರಿನ ಮೂಲಕ ಮದರಾಸನ್ನು ಸೇರಬೇಕಾದರೆ ನಡುವೆ ಡಬ್ಬಿ ಬದಲಾಯಿಸಲೇಬೇಕಾಗಿತ್ತು. ಇಳಿಸುವ ಕೂಲಿ, ಏರಿಸುವ ಕೂಲಿ, ಕಾಯುವ ಕಾಲ, ಎಲ್ಲವೂ ದಂಡ. 1990ರ ದಶಕದಲ್ಲಿ ಈ ಮಾರ್ಗವು ಅಗಲವಾದ ಮೇಲೆ ಆ ತೊಡಕು ತೀರಿತು.

ಇದೇ ಪಾಡು ನಮ್ಮ ಅಕ್ಷರಗಳಿಗೂ ಒದಗಿತ್ತು. ಗಣಕಯಂತ್ರಕ್ಕೆ ಅಕ್ಷರದ ರೂಪ ತಿಳಿಯದು. ತಿಳಿಯುವುದು ಸಂಖ್ಯೆ ಮಾತ್ರ. ಇಂಥ ಸಂಖ್ಯೆ ಇಂಥ ಅಕ್ಷರಕ್ಕೆಂದು ಯಾರಾದರೂ ಗೊತ್ತುಪಡಿಸಬೇಕು. ಕನ್ನಡದ ತಂತ್ರಾಂಶಗಳನ್ನು ಮಾರುತ್ತಿದ್ದವರು ತಮ್ಮ ತಮ್ಮ ಇಚ್ಛೆಯಂತೆ ಗೊತ್ತುಪಡಿಸಿಕೊಂಡರು. ಒಂದರಲ್ಲಿ ಬರೆದ ಕಡತವನ್ನು ಇನ್ನೊಂದರಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಂತೆ! ಗ್ರಾಹಕನು ಒಮ್ಮೆ ಕೊಂಡ ಅಂಗಡಿಗೇ ಕಟ್ಟುಬೀಳುತ್ತಿದ್ದನು. ಮಾರುವವರಿಗೆ ಇದು ಲಾಭವೆಂದು ತೋರಿದ್ದೀತು. ಭಾಷೆಗೆ ಮಾತ್ರ ನಷ್ಟವೇ.

ಈ ಗೊಂದಲವನ್ನು ಬಿಡಿಸಲು ಕನ್ನಡ ಗಣಕ ಪರಿಷತ್ತು ಶ್ರಮಿಸಿತು. ರಾಜ್ಯ ಸರ್ಕಾರದ ನೆರವಿನಿಂದ 'ನುಡಿ' ಎಂಬ ತಂತ್ರಾಂಶವು ಹೊರಬಂದಿತು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ, ಇಂಗ್ಲಿಷಿನ 26 ಕೀಲಿಗಳಲ್ಲಿಯೇ ಕನ್ನಡದ ಸಕಲ ಅಕ್ಷರಗಳೂ ಅಡಕವಾಗಿವೆ. ಅದೇ ಸರ್ಕಾರದ ಮನ್ನಣೆಯನ್ನು ಪಡೆಯಿತು. 'ನುಡಿ' ಮತ್ತು 'ಬರಹ'ಗಳು ಒಂದೇ ಸಂಕೇತಕ್ರಮವನ್ನು ಬಳಸಿದುದರಿಂದ ಒಂದರ ಬರೆಹವನ್ನು ಇನ್ನೊಂದರಲ್ಲಿ ಓದುವಂತಾಯಿತು.

ಇದಕ್ಕೂ ಮೊದಲೇ, 1991ರಲ್ಲಿ, ಅಮೆರಿಕದಲ್ಲಿ ಯೂನಿಕೋಡ್ ಒಕ್ಕೂಟವು ಸ್ಥಾಪಿತವಾಗಿತ್ತು. ಅದರಲ್ಲಿ ಕೈಜೋಡಿಸಿದವರು ಯಾರು? ಐಬಿಎಂ, ಆಪಲ್, ಮೈಕ್ರೋಸಾಫ್ಟ್ ಮೊದಲಾದ, ಪೇಟೆಯಲ್ಲಿ ಒಬ್ಬರನ್ನೊಬ್ಬರು ಮೀರಿಸಲು ಹೆಣಗುವ ಸಂಸ್ಥೆಗಳೇ. ಪರೋಪಕಾರಬುದ್ಧಿಯಿಂದ ಅವು ಕೂಡಿದುವೆಂದು ಭಾವಿಸಬೇಕಾಗಿಲ್ಲ. ಪ್ರತಿ ಭಾಷೆಗೂ ಪ್ರತ್ಯೇಕ ಹಳಿ ಹಾಕುವ ವೆಚ್ಚ ಅವುಗಳಿಗೂ ಭಾರವಾಗಿತ್ತು. ಅದೇ ವರ್ಷದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತವು.

ಇಂತಹ ಕಟ್ಟಳೆಗಳು ಹೊಸ ಶೋಧಗಳ ಕೈಕಟ್ಟುತ್ತವೆಂದು ವಾದಿಸುವವರಿದ್ದಾರೆ. ನನಗೆ ಹಾಗೆ ತೋರದು. ಅಕ್ಷರದ ಸಂಖ್ಯೆ ಒಂದೇ ಆದರೂ ಅದರ ಚೆಲುವು, ಬರೆಯುವ ಸೌಕರ್ಯ, ಹುಡುಕುವ ಚುರುಕುಗಳಲ್ಲಿ ಸ್ಪರ್ಧೆಗೆ ಎಷ್ಟು ಬೇಕಾದರೂ ಎಡೆಯುಂಟು. ನಿಜವಾದ ಆತಂಕ ಬೇರೆ. ನಿಯಮವನ್ನು ಮಾಡುವ ಸಭೆಯಲ್ಲಿ ಧನಬಲವುಳ್ಳವರ ಮಾತೇ ನಡೆದು, ಭಾಷೆಯನ್ನು ಆಡುವವರ ದನಿ ಅಡಗಬಹುದು. 'ಸೂರ್ಯ'ದಲ್ಲಿ ಅರ್ಕಾವೊತ್ತು ಬೇಕು, 'ರ‍್ಯಾಂಕ್'ನಲ್ಲಿ ಬೇಡ ಎಂಬ ಸೂಕ್ಷ್ಮವನ್ನು ಕನ್ನಡ ಬಲ್ಲವನೇ ಹೇಳಬೇಕು. ಆದುದರಿಂದ ಅಂಥ ಸಭೆಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳಿಗೂ ಬರೆಹಗಾರರಿಗೂ ಸ್ಥಾನವಿರತಕ್ಕದ್ದು.

ಹಳೆಯ ಸಂಕೇತಗಳಲ್ಲಿ ಬರೆದಿಟ್ಟ ಕಡತಗಳು ಇನ್ನೂ ಉಳಿದಿವೆ. ಅವುಗಳನ್ನು ಯೂನಿಕೋಡಿಗೆ ತರುವ ತಂತ್ರಾಂಶಗಳೇನೋ ಇವೆ. ಆದರೆ ಎಲ್ಲೋ ಒಂದು ಒತ್ತಕ್ಷರ ಜಾರುತ್ತದೆ, ಎಲ್ಲೋ ಒಂದು ದೀರ್ಘ ಬಿಟ್ಟುಹೋಗುತ್ತದೆ. ಪುಟಪುಟವನ್ನೂ ಓದಿ ತಿದ್ದುವ ಕನ್ನಡ ಬಲ್ಲ ಕಣ್ಣುಗಳಿಗಾಗಿ ಆ ಕಡತಗಳು ಕಾದಿವೆ.