ಕೊಟ್ಟ ಅಭಯ

ದೇವರು ತಾನು ಕೊಟ್ಟ ಮಾತಿಗೆ ತಪ್ಪುವನೇ? ಸುಖದಲ್ಲಿರುವವರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಬಿತ್ತಿದ ಬೀಜವೂ ಕೈಗೆ ಬಾರದ ವರ್ಷ ಒಕ್ಕಲಿಗನು ಕೇಳುತ್ತಾನೆ. ಜ್ವರದಿಂದ ನರಳುವ ಮಗುವಿನ ತಲೆದೆಸೆಯಲ್ಲಿ ಕುಳಿತು ಇರುಳನ್ನು ಕಳೆಯುವ ತಾಯಿ ಕೇಳುತ್ತಾಳೆ. ನಂಬಿದವರನ್ನು ಕೈಬಿಡೆನೆಂಬ ಅಭಯವು ಹಲವು ಧರ್ಮಗ್ರಂಥಗಳಲ್ಲಿ ಉಂಟು. ಭಾಗವತದ ಗಜೇಂದ್ರನು ಮೊಸಳೆಯ ಹಿಡಿತದಲ್ಲಿ ಕೂಗಿಕೊಂಡನು, ಹರಿಯು ಬಂದನು. ಬೈಬಲ್ಲಿನ ಇಸ್ರಾಯೇಲರಿಗೆ ಕಡಲೇ ದಾರಿ ಬಿಟ್ಟುಕೊಟ್ಟಿತು. ಇಂಥ ಕಥೆಗಳನ್ನು ಕೇಳಿದಾಗ ಮನಸ್ಸು ಅರಳುತ್ತದೆ. ಆದರೆ ಕೂಗಿದರೂ ಯಾರೂ ಬಾರದಿದ್ದಾಗ?

ಈ ಪ್ರಶ್ನೆಯನ್ನು ಹೊತ್ತವರು ಬೀದರ ಜಿಲ್ಲೆಯ ಬಸವಕಲ್ಯಾಣವನ್ನು ಒಮ್ಮೆ ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಆಳ್ವಿಕೆಯಲ್ಲಿ, ಅಲ್ಲಿ ಸೇರಿದ ಶರಣರಿಗೆ ದೇವರಲ್ಲಿದ್ದ ವಿಶ್ವಾಸವು ಅಪಾರವಾದುದು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಮದುವೆಯಾಯಿತು. ಕುಲವನ್ನು ಮೀರಿದ ಈ ಸಂಬಂಧಕ್ಕಾಗಿ ಬೀಗರಿಬ್ಬರಿಗೂ ಘೋರವಾದ ಮರಣದಂಡನೆಯಾಯಿತೆಂದು ಪರಂಪರೆಯು ಹೇಳುತ್ತದೆ. ಆ ದಿನ ಗಜೇಂದ್ರನಿಗೆ ಬಂದಂತೆ ಯಾರೂ ಬರಲಿಲ್ಲ. ಶರಣರು ಚದುರಿಹೋದರು. ಬಸವಣ್ಣನವರು ಕೂಡಲಸಂಗಮದಲ್ಲಿ ಐಕ್ಯರಾದರು. ಚೆನ್ನಬಸವಣ್ಣನವರ ಸಂಗಡಿಗರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನತ್ತ ನಡೆದರು.

ಹಾಗಾದರೆ ಅಭಯವು ಹುಸಿಯಾಯಿತೇ? ದಾನಿಯೇಲನ ಗ್ರಂಥದಲ್ಲಿ ಮೂವರು ತರುಣರ ಪ್ರಸಂಗವೊಂದುಂಟು. ಉರಿಯುವ ಕುಲುಮೆಯನ್ನು ತೋರಿಸಿ ಅರಸನು ಬೆದರಿಸಿದಾಗ ಅವರು, ತಮ್ಮ ದೇವರು ಕಾಯಬಲ್ಲನೆಂದೂ, ಕಾಯದೆ ಹೋದರೂ ಅರಸನ ವಿಗ್ರಹಕ್ಕೆ ತಲೆಬಾಗುವುದಿಲ್ಲವೆಂದೂ ಉತ್ತರ ಕೊಟ್ಟರು. ಅವರು ಬದುಕಿ ಉಳಿದರು, ಹರಳಯ್ಯನು ಉಳಿಯಲಿಲ್ಲ. ಆದರೆ ಎರಡು ಕಡೆಯ ನಂಬಿಕೆಯೂ ಒಂದೇ ತೂಕದ್ದು. ಬಿಡುಗಡೆಯಾದರೆ ಮಾತ್ರ ನಂಬುವೆನೆಂಬುದು ವ್ಯಾಪಾರ. ಶರಣರು ದೇವರೊಡನೆ ವ್ಯಾಪಾರ ಮಾಡಲಿಲ್ಲ.

ಹೊತ್ತೊಯ್ದ ಆ ಮಾತುಗಳು ಅಳಿಯಲಿಲ್ಲವೆಂಬುದೂ ನಿಜ. ಶತಮಾನಗಳ ಕಾಲ ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಅವು ಓಲೆಗರಿಗಳಾಗಿ ಉಳಿದುಬಂದವು. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಈ ಕೆಲಸಕ್ಕಾಗಿ ತಮ್ಮ ಮನೆಯನ್ನೇ ಮಾರಿ ಮುದ್ರಣಾಲಯವನ್ನು ನಡೆಸಿದರು. ಅರಸನ ಶಿಕ್ಷೆಯಿಂದ ಮುಗಿಯಿತೆಂದುಕೊಂಡ ಮಾತು ಹೀಗೆ ನಾಡಿನ ನಾಲಗೆಗೆ ಮರಳಿತು. ದೇವರ ಅಭಯವು ಎಷ್ಟೋ ಸಲ ಮನುಷ್ಯರ ಕೈಗಳ ಮೂಲಕವೇ ನಡೆಯುತ್ತದೆ.

ಇದೇ ಸೀಮೆಯ ಲಾಡವಂತಿಯಲ್ಲಿ 1817ರಲ್ಲಿ ಜನಿಸಿದ ಮಾಣಿಕಪ್ರಭುಗಳು ಮುಂದೆ ಹುಮನಾಬಾದಿನ ಬಳಿಯ ಮಾಣಿಕನಗರದಲ್ಲಿ ನೆಲೆಸಿದರು. ಯಾವ ಮತವನ್ನೂ ಹಳಿಯದೆ ಎಲ್ಲವನ್ನೂ ಗೌರವಿಸುವ ಸಕಲಮತ ಸಂಪ್ರದಾಯವು ಅವರದು. 1865ರಲ್ಲಿ ಅವರು ಅಲ್ಲಿಯೇ ಸಮಾಧಿಸ್ಥರಾದರು. ಅಭಯವು ಒಂದು ಗ್ರಂಥದ, ಒಂದು ಕುಲದ ಸೊತ್ತಲ್ಲವೆಂಬುದಕ್ಕೆ ಆ ಕ್ಷೇತ್ರವು ಸಾಕ್ಷಿಯಾಗಿ ನಿಂತಿದೆ.

ಆದರೂ ಹರಳಯ್ಯನ ಮಡದಿ ಕಲ್ಯಾಣಮ್ಮನ ಎದುರಿನಲ್ಲಿ ನಿಂತು, "ವಚನಗಳು ಉಳಿದವಲ್ಲ ತಾಯಿ, ಅಳಬೇಡಿ" ಎನ್ನುವ ಎದೆ ಯಾರಿಗಿದೆ? ನೊಂದವರಿಗೆ ಶಾಸ್ತ್ರವನ್ನು ಹೇಳುವುದು ಸುಲಭ, ಅವರ ಬಳಿ ಕೂಡುವುದು ಕಷ್ಟ. ಜ್ವರದ ಮಗುವಿನ ತಾಯಿಗೆ ಆ ಇರುಳಿನಲ್ಲಿ ಬೇಕಾದುದು ವ್ಯಾಖ್ಯಾನವಲ್ಲ. ನೆರೆಮನೆಯವರು ದೀಪ ಹಿಡಿದು ಬಂದು, ಮಾತಿಲ್ಲದೆ ಬದಿಯಲ್ಲಿ ಕುಳಿತರೆ, ದೇವರು ತನ್ನನ್ನು ಮರೆತಿಲ್ಲವೆಂದು ಆಕೆ ನಂಬಬಲ್ಲಳು. ಆ ದೀಪವನ್ನು ಹಿಡಿಯುವ ಹೊಣೆ ನಮ್ಮದು.