ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವ ಮುನ್ನ

ನಲವತ್ತು ದಾಟಿದ ಹೆಂಗಸು ವೈದ್ಯರ ಮುಂದೆ ಕೂತು ರಾತ್ರಿ ನಿದ್ದೆಯಿಲ್ಲ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದರೆ ‘ವಯಸ್ಸಾಯಿತಲ್ಲಮ್ಮಾ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಳೆದ ಆರು ತಿಂಗಳಲ್ಲಿ ಮುಟ್ಟು ಯಾವ್ಯಾವಾಗ ಆಯಿತು ಎಂದು ಕೇಳುವವರು ಕಡಿಮೆ. ಆದರೆ ವಿಷಯ ಇತ್ಯರ್ಥವಾಗುವುದು ಅಲ್ಲಿಂದಲೇ.

ಪಾಶ್ಚಾತ್ಯ ದೇಶಗಳಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 51ರ ಆಸುಪಾಸು, ನಮ್ಮಲ್ಲಿ 46–47. ದೇಹ ಕೆಲವು ವರ್ಷ ಮೊದಲೇ ಬದಲಾಗತೊಡಗುವುದರಿಂದ ನಲವತ್ತರ ಹೊಸ್ತಿಲಲ್ಲೇ ಪೆರಿಮೆನೋಪಾಸ್, ಅಂದರೆ ಮುಟ್ಟು ನಿಲ್ಲುವ ಮುಂಚಿನ ಬದಲಾವಣೆಯ ಕಾಲ, ಶುರುವಾದರೆ ಅಚ್ಚರಿಯಿಲ್ಲ. ಮೈ ಬಿಸಿಯೇರಿ ಬೆವರುವುದೇ ಮೊದಲ ಸುಳಿವಾಗಬೇಕಿಲ್ಲ. ಕರಾರುವಾಕ್ಕಾಗಿ ಬರುತ್ತಿದ್ದ ಮುಟ್ಟು ಒಮ್ಮೆ 24 ದಿನಕ್ಕೆ, ಮತ್ತೊಮ್ಮೆ 34 ದಿನಕ್ಕೆ ಆಗುತ್ತದೆ. ಒಂದು ಸಲಕ್ಕೂ ಮುಂದಿನ ಸಲಕ್ಕೂ ಏಳು ದಿನ ಅಥವಾ ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಅದು ಆರಂಭ. 60 ದಿನ ಮುಟ್ಟಿಲ್ಲದೆ ಕಳೆದರೆ ಮುಂದಿನ ಹಂತ. ಇದನ್ನು ತಿಳಿಯಲು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಸಾಕು.

ಹಾರ್ಮೋನ್ ಪರೀಕ್ಷೆ ಇಲ್ಲಿ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಮಟ್ಟ ಈ ಹಂತದಲ್ಲಿ ಇಂದು ಏರಿದ್ದು ಮುಂದಿನ ವಾರ ಇಳಿದಿರಬಹುದು. 45 ದಾಟಿದವರಲ್ಲಿ ಲಕ್ಷಣಗಳನ್ನು ಕೇಳಿಯೇ ನಿರ್ಧರಿಸಬೇಕೆಂದು ಬ್ರಿಟನ್ನಿನ ನೈಸ್ ಸಂಸ್ಥೆಯ 2015ರ ಮಾರ್ಗಸೂಚಿ ಹೇಳಿತು. ನಲವತ್ತರ ಒಳಗೇ ಮುಟ್ಟು ನಿಲ್ಲುತ್ತಿದ್ದರೆ ಮಾತ್ರ ವಿಷಯ ಬೇರೆ. ಆಗ ಪರೀಕ್ಷೆ ಬೇಕೇ ಬೇಕು.

ಹಾಗಾದರೆ ರಕ್ತ ಕೊಡುವುದು ಯಾತಕ್ಕೆ? ಪೆರಿಮೆನೋಪಾಸಿನ ವೇಷ ತೊಟ್ಟು ಬರುವ ಬೇರೆ ಕಾಯಿಲೆಗಳನ್ನು ಹಿಡಿಯುವುದಕ್ಕೆ. ಥೈರಾಯ್ಡ್ ಹೆಚ್ಚಾದರೆ ಬೆವರು, ಎದೆಬಡಿತ, ನಿದ್ರಾಹೀನತೆ. ಕಡಿಮೆಯಾದರೆ ಸುಸ್ತು, ಕೂದಲುದುರುವಿಕೆ, ಅತಿಸ್ರಾವ. ಟಿಎಸ್‌ಎಚ್ ಎಂಬ ಒಂದೇ ಪರೀಕ್ಷೆ ಎರಡನ್ನೂ ಬಹುಮಟ್ಟಿಗೆ ಹೇಳಿಬಿಡುತ್ತದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದ 15–49 ವಯಸ್ಸಿನ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಅಂಥ ನಾಡಿನಲ್ಲಿ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ಹಿಮೋಗ್ಲೋಬಿನ್ ನೋಡದೆ ವಯಸ್ಸಿಗೆ ಅಂಟಿಸುವುದು ಅನ್ಯಾಯ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ಕ್ಷಯವನ್ನು ನೆನೆಯಲೇಬೇಕು. ಮುಟ್ಟು ತಪ್ಪಿದರೆ ಗರ್ಭಧಾರಣೆಯನ್ನೂ. ಈ ವಯಸ್ಸಿನಲ್ಲೂ ಅದು ಸಾಧ್ಯ, ನಾಚಿಕೆಯಿಂದ ಕೇಳದೆ ಬಿಡುವುದೇ ಹೆಚ್ಚು. ಎದೆ ಬಿಗಿತವನ್ನು ‘ಗ್ಯಾಸ್’ ಎಂದು, ತಿಂಗಳುಗಟ್ಟಲೆ ಕವಿದ ಖಿನ್ನತೆಯನ್ನು ‘ಮೂಡು’ ಎಂದು ತಳ್ಳಿಹಾಕುವುದೂ ಈ ವಯಸ್ಸಿನಲ್ಲೇ.

ರಕ್ತಸ್ರಾವದ ಮಾತಿಗೆ ಬಂದರೆ ನಾನು ಸುಮ್ಮನಿರಲಾರೆ. ಎರಡು ಮುಟ್ಟಿನ ನಡುವೆ, ಸಂಭೋಗದ ನಂತರ, ಅಥವಾ ಮುಟ್ಟು ನಿಂತು ವರ್ಷ ಕಳೆದ ಮೇಲೆ ಕಾಣುವ ರಕ್ತ ಎಂದೂ ‘ಸಹಜ’ವಲ್ಲ, ಕ್ಯಾನ್ಸರ್ ಅಲ್ಲವೆಂದು ಖಾತ್ರಿಪಡಿಸಿಕೊಳ್ಳಲೇಬೇಕು. ಇನ್ನೊಂದು ತುದಿಯಲ್ಲಿ, ಔಷಧಿಯಿಂದ ಹತೋಟಿಗೆ ಬರುವ ಏರುಪೇರಿಗೆ ಗರ್ಭಕೋಶವನ್ನೇ ತೆಗೆದುಹಾಕಲಾಗಿದೆ. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರು ಇದನ್ನು ಮೈಮೇಲೆ ಅನುಭವಿಸಿದರು. ಬೆನ್ನುನೋವು, ಬಿಳಿ ಮುಟ್ಟು ಎಂದು ಹೋದವರು ಗರ್ಭಕೋಶ ಕಳೆದುಕೊಂಡು, ಸಾಲ ಹೊತ್ತು ಮರಳಿದರು. ಅಂಡಾಶಯವನ್ನೂ ತೆಗೆದರೆ ಋತುಬಂಧ ಒಂದೇ ದಿನದಲ್ಲಿ ಬಂದೆರಗುತ್ತದೆ, ಮೂಳೆ ಬೇಗ ಸವೆಯುತ್ತದೆ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೊಳಿಸುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು.

ಮೂವತ್ತು ದಾಟಿದವರ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ತುಂಬುವ ನಮೂನೆಯಲ್ಲಿ ಅಸಹಜ ರಕ್ತಸ್ರಾವದ ಪ್ರಶ್ನೆಗಳು ಈಗಾಗಲೇ ಇವೆ. ಅದಕ್ಕೆ ಮುಟ್ಟಿನ ಅಂತರ, ನಿದ್ದೆ, ಬೆವರು ಇವನ್ನೂ ಸೇರಿಸಿ, ಉತ್ತರ ‘ಹೌದು’ ಎಂದಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಹಿಮೋಗ್ಲೋಬಿನ್, ಟಿಎಸ್‌ಎಚ್, ಸಕ್ಕರೆ, ರಕ್ತದೊತ್ತಡ ನೋಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕು. ಗರ್ಭಕೋಶ ತೆಗೆಯಬೇಕೆಂದು ಖಾಸಗಿ ಆಸ್ಪತ್ರೆ ಹೆಂಗಸೊಬ್ಬಳಿಗೆ ಹೇಳಿದರೆ, ಹಣ ಹೊಂದಿಸುವ ಮೊದಲು ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಅಭಿಪ್ರಾಯ ಆಕೆಗೆ ಉಚಿತವಾಗಿ ದಕ್ಕಬೇಕು.